ನಾನು ಮಾರಿದ ಹತ್ತು ಹಾಳೆಗಳು

ಓದಿದ್ದು ನೆನಪಿನಲ್ಲಿ ಉಳಿಯುವಂತೆ ಮಾಡುವುದು ನನ್ನ ಕಸುಬಾಗಿತ್ತು. ಹಾಗಂತ ಬೋರ್ಡಿನಲ್ಲಿ ಬರೆಸಿದ್ದೆ. ನಂಜನಗೂಡಿನಲ್ಲಿ ಒಂದು ಟ್ಯುಟೋರಿಯಲ್, ಟಿ. ನರಸೀಪುರದಲ್ಲಿ ಬೀಜ ಗೊಬ್ಬರದ ಅಂಗಡಿಯ ಮಹಡಿ ಮೇಲೆ ಅದರದೇ ಶಾಖೆ. ಎಸ್ಸೆಸ್ಸೆಲ್ಸಿ ಫೇಲಾದವರು, ನಡುವೆ ಶಾಲೆ ಬಿಟ್ಟವರು, ಮದುವೆಯಾಗಿ ಮಕ್ಕಳಾದ ಮೇಲೆ ಒಂದು ಸರ್ಟಿಫಿಕೇಟು ಬೇಕು ಅನ್ನಿಸಿದವರು, ಇವರೇ ನನ್ನ ಗಿರಾಕಿಗಳು. ವಿದ್ಯಾರ್ಥಿಗಳು ಎನ್ನಬೇಕಿತ್ತು. ಈ ಬರಹದಲ್ಲಿ ಸುಳ್ಳು ಹೇಳುವುದಿಲ್ಲ ಎಂದುಕೊಂಡು ಕೂತಿದ್ದೇನೆ, ಆದ್ದರಿಂದ ಗಿರಾಕಿಗಳು ಎಂದೇ ಇರಲಿ.

ಈಗ ಎರಡೂ ಕಡೆ ಬಾಗಿಲು ಹಾಕಿದ್ದೇನೆ. ನನ್ನ ತಂಗಿಯ ಮಗಳು ರಮ್ಯ ಬಿ.ಎಡ್. ಮುಗಿಸಿ, ನರಸೀಪುರದ ಅದೇ ಮಹಡಿಯಲ್ಲಿ ಕೋಚಿಂಗ್ ಶುರು ಮಾಡುತ್ತಾಳಂತೆ. ಈಚೆಗೆ ಮನೆಗೆ ಬಂದು ಕಾಫಿ ಕುಡಿಯುತ್ತಾ, "ಮಾವ, ನಿಮ್ಮ ಹತ್ತು ಹಾಳೆ ಇದ್ರೆ ಕೊಡಿ. ಆ ಕಡೆ ಜನ ಈಗ್ಲೂ ಕೇಳ್ತಾರೆ" ಅಂದಳು.

"ಸುಟ್ಟಾಕ್ದೆ ಕಣವ್ವ" ಅಂದೆ.

"ಸುಮ್ನಿರಿ ಮಾವ. ನೀವು ಹಳೇ ಬಸ್ ಟಿಕೆಟ್ಟನ್ನೇ ಬಿಸಾಕೋರಲ್ಲ."

ಅವಳು ಹೇಳಿದ್ದು ಸರಿ. ಹಾಳೆಗಳು ಬೀರುವಿನಲ್ಲೇ ಇದ್ದವು. ಕೊಡಲಿಲ್ಲ. ಅದರ ಬದಲು ಇದನ್ನು ಬರೆದುಕೊಡುತ್ತೇನೆ ಎಂದು ಒಪ್ಪಿಸಿದೆ. ರಮ್ಯಳಿಗೆ ಮಾತ್ರ ಅಲ್ಲ, ಈ ಕಸುಬಿಗೆ ಇಳಿಯುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಚಿಕ್ಕಯ್ಯನಛತ್ರದ ಕಡೆಯವನು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ನಂಜನಗೂಡಿನ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಮೇಜು ಹಾಕಿಕೊಂಡು ಗೈಡು ಮಾರಲು ನಿಂತೆ. ಅಲ್ಲಿ ಕಲಿತದ್ದು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಒಂದೇ ವಿಷಯಕ್ಕೆ ಎರಡು ಗೈಡಿದ್ದರೆ ಜನ ಎರಡನ್ನೂ ಕೈಯಲ್ಲಿ ತೂಗಿ ನೋಡಿ ಹಗುರವಾದದ್ದನ್ನು ಒಯ್ಯುತ್ತಿದ್ದರು. ಬೇಳೆ ಕೊಳ್ಳುವವರು ತಕ್ಕಡಿ ತಮ್ಮ ಕಡೆ ಜಗ್ಗಲಿ ಅಂತಾರೆ. ವಿದ್ಯೆ ಕೊಳ್ಳುವವರಿಗೆ ಮಾತ್ರ ತೂಕ ಕಮ್ಮಿ ಬೇಕು. ಈ ಒಂದು ತಿಳಿವಳಿಕೆಯ ಮೇಲೆ ನಾನು ಮನೆ ಕಟ್ಟಿದೆ, ತಂಗಿಯ ಮದುವೆ ಮಾಡಿದೆ. ಅದೇ ತಿಳಿವಳಿಕೆ ಒಬ್ಬ ಹೆಂಗಸಿನ ಬಾಳಿಗೆ ಏನು ಮಾಡಿತು ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಟ್ಯುಟೋರಿಯಲ್ ಶುರು ಮಾಡಿದಾಗ ಪಾಠ ಹೇಳಲು ಶ್ರೀಕಂಠಯ್ಯ ಮೇಷ್ಟ್ರನ್ನು ಹಿಡಿದು ತಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ದೇವಸ್ಥಾನದ ಹಿಂದಿನ ಬೀದಿಯ ಮನೆಯಿಂದ ಕೊಡೆ ಹಿಡಿದುಕೊಂಡು ನಡೆದು ಬರುತ್ತಿದ್ದರು. ಸಂಬಳ ಕೊಡುತ್ತಿದ್ದವನು ನಾನು. ಆದರೂ ಅವರು ಒಳಗೆ ಬಂದರೆ ಕುರ್ಚಿ ಬಿಟ್ಟು ಏಳುತ್ತಿದ್ದವನೂ ನಾನೇ. ನನ್ನ ಬದುಕಿನಲ್ಲಿ ಮೇಲಧಿಕಾರಿ ಅಂತ ಒಬ್ಬರು ಇದ್ದರೆ ಅವರೇ.

ಮೊದಲ ದಿನವೇ ಅವರು ಎಲ್ಲರ ಕೈಲೂ ಒಂದು ಪುಟ ಓದಿಸಿದರು. ಆಮೇಲೆ, "ಪುಸ್ತಕ ಮುಚ್ಚಿ. ಈಗ ಏನು ಓದಿದಿರಿ ಹೇಳಿ" ಅಂದರು. ಮೂವತ್ತು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅವರು ಬೈಯಲಿಲ್ಲ, ಹೇಳಿಕೊಡಲೂ ಇಲ್ಲ. ಕೈ ಕಟ್ಟಿಕೊಂಡು ಕಾದರು. ಎಷ್ಟೋ ಹೊತ್ತು ಆದ ಮೇಲೆ ಮೂಲೆಯಿಂದ ಯಾರೋ ಒಬ್ಬ ಅರ್ಧ ವಾಕ್ಯ ಹೇಳಿದ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು ಮತ್ತೆ ಕಾದರು.

ಅದೇ ಹೊತ್ತಿಗೆ ಮಗನನ್ನು ಸೇರಿಸಲು ಬಂದ ಒಬ್ಬ ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೇಳಿದರು. "ಏನ್ ಸಾ, ಇವತ್ತು ರಜವಾ? ಒಳಗೆ ಸದ್ದೇ ಇಲ್ಲ."

"ಪಾಠ ನಡೀತಾ ಅದೆ."

"ಎದುರುಗಡೆ ಟ್ಯುಟೋರಿಯಲ್ಲಲ್ಲಿ ನೋಡಿ, ಎಂಗೆ ಕೂಗ್ತಾವೆ" ಅಂತ ಹೇಳಿ, ಮಗನನ್ನು ರಸ್ತೆ ದಾಟಿಸಿಕೊಂಡು ಹೋದರು.

ಸಂಜೆ ಮೇಷ್ಟ್ರ ಮುಂದೆ ಕೂತೆ. "ಸಾ, ನಿಮ್ಮ ಕ್ಲಾಸು ಬೀದಿಗೆ ಕೇಳಿಸೋದಿಲ್ಲ" ಅಂದೆ.

"ಪುಟ್ಟಸ್ವಾಮಿ, ಪರೀಕ್ಷೆ ಇರೋದು ಬೀದಿಗಲ್ಲವಲ್ಲ."

"ಸೇರಿಸೋದು ಬೀದಿ ಸಾ."

ಅವರು ಕನ್ನಡಕ ಒರೆಸಿಕೊಂಡರು. ನನ್ನ ಹತ್ತಿರ ಚೌಕಾಸಿಗೆ ನಿಂತವರು ಅಲ್ಲಿಯವರೆಗೆ ಯಾರೂ ಗೆದ್ದಿರಲಿಲ್ಲ. ಕೊನೆಗೆ ಮೊದಲ ಅರ್ಧ ಗಂಟೆ ಅವರ ಪದ್ಧತಿ, ಉಳಿದ ಒಂದು ಗಂಟೆ ನನ್ನದು ಎಂದು ಮುಗಿಯಿತು. ನನ್ನದು ಅಂದರೆ ಕಿಟಕಿ ತೆರೆದು ಪ್ರಶ್ನೋತ್ತರಗಳನ್ನು ಒಂದರಿಂದ ಕೊನೆಯವರೆಗೆ ರಾಗವಾಗಿ ಒಟ್ಟಿಗೆ ಹೇಳಿಸುವುದು. ಒಂದೇ ತಿಂಗಳಲ್ಲಿ ಬೆಂಚು ಸಾಲದೆ ಹೋದವು.

ಆ ಕೂಗಿನ ಪಾಠದ ಹಣೆಬರಹ ಗೊತ್ತಾದದ್ದು ಮಹದೇವನಿಂದ. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಶಿಫ್ಟು ಮುಗಿಸಿ ಬರುತ್ತಿದ್ದ. ಗಂಟಲು ಗಂಟೆಯ ಹಾಗೆ. ಎಲ್ಲರಿಗಿಂತ ಮುಂದೆ ಅವನದೇ ದನಿ. ಒಂದು ಟೆಸ್ಟಿನಲ್ಲಿ ಅಚ್ಚು ಹಾಕುವವನು ಪ್ರಶ್ನೆಗಳನ್ನು ಹಿಂದುಮುಂದು ಮಾಡಿಬಿಟ್ಟಿದ್ದ. ನಮ್ಮ ಸಾಲಿನಲ್ಲಿ ಎಂಟನೆಯದಾಗಿದ್ದದ್ದು ಮೊದಲು ಬಂದಿತ್ತು. ಮಹದೇವ ಆ ಒಂದು ಪ್ರಶ್ನೆಗೆ ಆರು ಪುಟ ಬರೆದ. ನೋಡಿದರೆ ಮೊದಲನೆಯ ಉತ್ತರದಿಂದ ಹಿಡಿದು ಎಂಟರವರೆಗೂ ಬರೆದಿದ್ದಾನೆ. ಅಷ್ಟರಲ್ಲಿ ಹೊತ್ತು ಮುಗಿದಿತ್ತು.

"ಯಾಕ್ಲಾ ಮಾದೇವ, ಕೇಳಿದ್ದು ಒಂದು, ಊರೆಲ್ಲ ಬರ್ದಿದೀಯಲ್ಲ" ಅಂದೆ.

"ಎಂಟಕ್ಕೆ ಓಗ್ಬೇಕಾದ್ರೆ ಒಂದ್ರಿಂದ ಅತ್ಬೇಕು ಸಾ. ಮದ್ದೆಯಿಂದ ಅತ್ತಕ್ಕೆ ಮೆಟ್ಲಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗದೆ ಇದ್ದವರು ಮೇಷ್ಟ್ರು ಒಬ್ಬರೇ. "ಅವನು ಹೇಳಿದ್ದು ತಮಾಷೆಯಲ್ಲ. ಮಕ್ಕಳ ತಲೆಯೊಳಗೆ ನೀವು ಏನು ಕಟ್ಟಿದ್ದೀರಿ ಅಂತ ನಿಮಗೆ ಹೇಳಿದ" ಅಂದರು.

ಬುದ್ಧಿ ಇದ್ದವನು ಅಲ್ಲಿಗೆ ಕೂಗು ನಿಲ್ಲಿಸಿ, ಪ್ರಶ್ನೆಗಳನ್ನು ಕಲಸಿ ಕೇಳುವ ಅಭ್ಯಾಸ ಮಾಡಿಸುತ್ತಿದ್ದ. ನಾನು ವ್ಯಾಪಾರಿ. ಮೆಟ್ಟಿಲು ಹೆಚ್ಚಾಯಿತು, ಕಡಿಮೆ ಮಾಡೋಣ ಎಂದುಕೊಂಡೆ. ಹತ್ತು ಹಾಳೆ ಹುಟ್ಟಿದ್ದು ಹೀಗೆ. ವಿಜ್ಞಾನದಲ್ಲಿ ಇಡೀ ವರ್ಷದ ಪಾಠದಿಂದ ಹತ್ತೇ ಹತ್ತು ದೊಡ್ಡ ಉತ್ತರ, ಒಂದೊಂದಕ್ಕೆ ಒಂದೊಂದು ಹಾಳೆ. ಹೋದ ಪರೀಕ್ಷೆಯಲ್ಲಿ ಬಂದದ್ದನ್ನು ತೆಗೆದುಹಾಕುವುದು, ಬಹಳ ದಿನದಿಂದ ಬಾರದ್ದನ್ನು ಸೇರಿಸುವುದು. ಒಂದು ಸಲ ಆ ಊಹೆ ಸರಿಹೋಯಿತು. ಒಂದು ಸಲ ಸರಿಹೋದರೆ ಸಾಕು, ಹತ್ತು ವರ್ಷ ಅದರ ಹೆಸರಿನಲ್ಲಿ ನಡೆಯುತ್ತದೆ.

ಒಂದು ವರ್ಷ ನಾಲ್ಕನೆಯ ಹಾಳೆಯಲ್ಲಿ ನನ್ನದೇ ಕೈಯಿಂದ ಒಂದು ತಪ್ಪು ಆಯಿತು. ಹೃದಯದ ಬಲಭಾಗದಲ್ಲಿ ಶುದ್ಧ ರಕ್ತ, ಎಡಭಾಗದಲ್ಲಿ ಅಶುದ್ಧ ರಕ್ತ ಎಂದು ಅಚ್ಚಾಯಿತು. ಇರುವುದು ಅದಕ್ಕೆ ಉಲ್ಟಾ. ಮೇಷ್ಟ್ರು ಬೆರಳಿಟ್ಟು ತೋರಿಸಿದರು.

"ಎಲ್ಲ ಹಂಚಿ ಆಗಿದೆ ಸಾ. ಕ್ಲಾಸಲ್ಲಿ ಬಾಯಲ್ಲಿ ಹೇಳ್ಬಿಡಿ" ಅಂದೆ.

"ಹೇಳ್ತೀನಿ. ಆದರೆ ಅವರು ನಾನು ಹೇಳಿದ್ದನ್ನ ಬಾಯಿಪಾಠ ಮಾಡೋದಿಲ್ಲ, ನೀವು ಅಚ್ಚು ಹಾಕಿಸಿದ್ದನ್ನ ಮಾಡ್ತಾರೆ."

ಹಾಳೆ ವಾಪಸು ತೆಗೆದುಕೊಂಡರೆ ಹೆಸರು ಕೆಡುತ್ತದೆ. ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷಗಳಲ್ಲೂ ನಾಲ್ಕನೆಯ ಹಾಳೆಗೆ ಅದೇ ಅಚ್ಚು ಓಡಿತು.

ಪದ್ಧತಿಗಳು ಆಮೇಲೆ ಬಹಳ ಬದಲಾದವು. ಮೊದಲು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು, ಆಮೇಲೆ ಹಳದಿ ಹಸಿರು ಹೊಳೆಯುವ ಪೆನ್ನು ಬಂತು. ಇಡೀ ಪುಟಕ್ಕೆ ಬಣ್ಣ ಬಳಿದು, ಪುಟ ಮುಗಿಯಿತು ಎನ್ನುವವರನ್ನು ನೋಡಿದ್ದೇನೆ. ನೆನಪಿನ ಶಕ್ತಿಗೆ ಒಂದೆಲಗದ ಲೇಹ ಮಾಡುತ್ತೇನೆ ಎಂದು ಒಬ್ಬ ಬಂದು ನನ್ನ ಮೇಜಿನ ಮೇಲೆ ಡಬ್ಬಿಗಳನ್ನು ಇಟ್ಟು ಹೋದ. ಇಟ್ಟುಕೊಂಡೆ. ಪರೀಕ್ಷೆಯ ತಿಂಗಳು ಇಡೀ ಕ್ಲಾಸು ಲೇಹದ ವಾಸನೆ ಹೊಡೆಯುತ್ತಿತ್ತು, ಮಾರ್ಕು ಎಲ್ಲಿತ್ತೋ ಅಲ್ಲೇ ಇತ್ತು. ಆಮೇಲೆ ಫೋನು ಬಂತು. ವಾಟ್ಸಾಪಿನಲ್ಲಿ ಪಿಡಿಎಫ್ ಇಳಿಸಿಕೊಂಡ ಗಳಿಗೆಯಲ್ಲೇ ಓದಿದಷ್ಟು ಸಮಾಧಾನ. ಪಾಠದ ವಿಡಿಯೋವನ್ನು ಎರಡರಷ್ಟು ವೇಗದಲ್ಲಿ ಓಡಿಸಿ, "ಎರಡು ಚಾಪ್ಟರ್ ಆಯ್ತು ಸಾ" ಎನ್ನುವವರು. ಯಾರಿಗೆ ಆಯಿತು, ಫೋನಿಗೆ ಆಯಿತು.

ಇದನ್ನೆಲ್ಲ ನೋಡಿ ನನಗೆ ತಿಳಿದದ್ದು ಒಂದೇ. ಎರಡನೇ ಸಲ ಓದುವಾಗ ಪುಟ ನುಣ್ಣಗೆ ಜಾರುತ್ತದೆ. ಅದನ್ನೇ ಬಂತು ಎಂದು ತಿಳಿದು ಮೋಸಹೋಗುತ್ತಾರೆ. ಬಸ್ಸಿನಲ್ಲಿ ಒಬ್ಬನ ಮುಖ ನೋಡುತ್ತೀರಿ, ಗುರುತು ಸಿಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು. ಮುಖವನ್ನು ಗುರುತಿಸಿದ್ದಕ್ಕೆ ಯಾರೂ ಮಾರ್ಕು ಕೊಡುವುದಿಲ್ಲ. ಇಷ್ಟು ತಿಳಿದೂ ನಾನು ಮಾರುತ್ತಿದ್ದದ್ದು ಮುಖದ ಗುರುತನ್ನೇ.

ಈಗ ಸುಂದ್ರಮ್ಮನ ವಿಷಯ.

ಮೂಗೂರಿನವಳು. ನರಸೀಪುರದ ಶಾಖೆಗೆ ಭಾನುವಾರ ಬರುತ್ತಿದ್ದಳು. ಅಂಗನವಾಡಿಯಲ್ಲಿ ಸಹಾಯಕಿ. ಅಂದರೆ ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಕಸ ಗುಡಿಸುವುದು, ಅಡುಗೆ ಮಾಡಿ ಬಡಿಸುವುದು. ಪಾಠ ಹೇಳುವ ಕಾರ್ಯಕರ್ತೆ ಬೇರೆ. ಆ ಕಾರ್ಯಕರ್ತೆ ಮುಂದಿನ ವರ್ಷ ನಿವೃತ್ತಿಯಾಗುವವರಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಹಾಯಕಿಗೇ ಆ ಜಾಗ ಸಿಗುತ್ತಿತ್ತು. ಸುಂದ್ರಮ್ಮನಿಗೆ ಉಳಿದಿದ್ದದ್ದು ವಿಜ್ಞಾನ ಒಂದೇ. ವಯಸ್ಸಿನ ಮಿತಿ ಮುಗಿಯುವುದಕ್ಕೂ ಒಂದೇ ವರ್ಷ ಉಳಿದಿತ್ತು.

"ಇದೊಂದ್ಸಲ ಸಾ. ಇನ್ನೊಂದ್ಸಲ ಅನ್ನಕ್ಕೆ ವಯಸ್ಸು ಬುಡಲ್ಲ" ಅಂದಿದ್ದಳು ಸೇರಿದ ದಿನ. ಫೀಸಿನಲ್ಲಿ ನನ್ನ ಹತ್ತಿರವೇ ಚೌಕಾಸಿ ಮಾಡಿ ಗೆದ್ದವಳು. ಅದಕ್ಕೇ ಅವಳ ಮೇಲೆ ನನಗೆ ಗೌರವ ಬಂದಿತ್ತು.

ಮೇಷ್ಟ್ರು ಆಗ ಭಾನುವಾರಗಳಲ್ಲಿ ನರಸೀಪುರಕ್ಕೂ ಬರುತ್ತಿದ್ದರು. ಅವಳಿಗೆ ಹೇಳಿದರು, "ಓದಿದ್ದನ್ನ ಪುಸ್ತಕ ಮುಚ್ಚಿ ಯಾರಿಗಾದರೂ ಹೇಳಮ್ಮ."

"ಯಾರ್ಗೆ ಏಳಾನ ಸಾ? ಸುರು ಮಾಡುದ್ರೆ ಮನೇಲಿ ಎಲ್ರೂ ಎದ್ದೋಯ್ತಾರೆ."

"ಎದ್ದು ಹೋಗದೆ ಕೂರುವವರು ಯಾರಿದ್ದಾರೆ?"

ಅವಳು ಯೋಚನೆ ಮಾಡಿದಳು. "ಅಂಗನವಾಡಿ ಮಕ್ಳು. ಉಪ್ಪಿಟ್ಟು ಬೇಯೋಗಂಟ."

"ಹಾಗಾದರೆ ಉಪ್ಪಿಟ್ಟು ಬೇಯುವವರೆಗೂ ಅವರಿಗೇ ಹೇಳು."

ಮುಂದಿನ ಭಾನುವಾರ ಅವಳು ಎಲೆ ಆಹಾರ ತಯಾರಿಸುವ ಪಾಠವನ್ನು ನಮ್ಮ ಮುಂದೆ ಹೇಳಿದಳು. ಕೈಯಲ್ಲಿ ಪುಸ್ತಕ ಇರಲಿಲ್ಲ. "ಎಲೆ ಅಂದ್ರೆ ಅಡ್ಗೆಮನೆ. ಬೇರು ನೀರು ಒತ್ಕಂಡು ಬತ್ತದೆ. ನಮ್ಮ ಬಾಯಿಂದ ಬುಟ್ಟ ಕೆಟ್ಟ ಗಾಳಿ ಎಲೆ ತೂತಲ್ಲಿ ಒಳಕ್ಕೋಯ್ತದೆ. ಅಸ್ರು ಬಣ್ಣದ್ದು ಪಾತ್ರೆ. ಬಿಸ್ಲೇ ಸೌದೆ. ಬೆಂದದ್ದು ಸಕ್ರೆ. ಬೆಂದ ಮ್ಯಾಕೆ ಒಳ್ಳೆ ಗಾಳಿ ಆಚ್ಗೆ ಬುಡ್ತದೆ, ಅದ ನಾವು ಎಳ್ಕತೀವಿ."

ಮೇಷ್ಟ್ರು, "ಉಪ್ಪಿನ ವಿಷಯ ಬಿಟ್ಟೆಯಲ್ಲ" ಅಂದರು, ತಮಾಷೆಗೆ.

"ಅದ್ನೂ ಒಂದು ಮಗ ಕೇಳ್ತು ಸಾ. ಅಡ್ಗೆಗೆ ಉಪ್ಪಿಲ್ವಾ ಅಂತು. ನಂಗೆ ಗೊತ್ತಿರ್ನಿಲ್ಲ. ತಿರ್ಗ ಪುಸ್ತಕ ತಗ್ದು ನೋಡ್ದೆ. ಬೇರು ತರೋ ನೀರಲ್ಲೇ ಲವಣನೂ ಅದಂತೆ."

ಮೇಷ್ಟ್ರು ಆ ದಿನ ಬಸ್ಸಿನಲ್ಲಿ ನಂಜನಗೂಡಿನವರೆಗೂ ನಗುತ್ತಲೇ ಬಂದರು. "ನೋಡಿ ಪುಟ್ಟಸ್ವಾಮಿ, ಮಗು ಉಪ್ಪು ಕೇಳಿತು, ಆಕೆ ಪುಸ್ತಕಕ್ಕೆ ಹೋದರು. ಇನ್ನು ಆ ಪಾಠ ಆಕೆಯ ತಲೆಯಿಂದ ಹೋಗೋದಿಲ್ಲ. ನಾನು ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾರಿಗೂ ಹೇಳಿಕೊಟ್ಟಿಲ್ಲ."

ಪರೀಕ್ಷೆಗೆ ಒಂದು ತಿಂಗಳಿರುವಾಗ ಮೇಷ್ಟ್ರ ಕಣ್ಣಿನ ಆಪರೇಷನ್ ಆಯಿತು. ನರಸೀಪುರಕ್ಕೆ ನಾನೊಬ್ಬನೇ ಹೋಗಬೇಕಾಯಿತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಬ್ಯಾನರು ಆಗಲೇ ತಯಾರಾಗಿತ್ತು. ಸುಂದ್ರಮ್ಮನ ಫೋಟೋ, ಕೆಳಗೆ "ಅಂಗನವಾಡಿ ಸಹಾಯಕಿಯಿಂದ ಕಾರ್ಯಕರ್ತೆಯವರೆಗೆ". ತಾಲ್ಲೂಕಿನಲ್ಲಿ ಎಷ್ಟು ಸಹಾಯಕಿಯರಿದ್ದಾರೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅವಳು ಪಾಸಾಗಲೇಬೇಕು ಅನ್ನುವ ಆಸೆ ನನಗೂ ಇತ್ತು, ಅದು ಸುಳ್ಳಲ್ಲ. ಯಾತಕ್ಕೆ ಇತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಅವಳನ್ನು ಕೂರಿಸಿ, "ದ್ಯುತಿಸಂಶ್ಲೇಷಣೆ ಎಂದರೇನು, ವಿವರಿಸಿ" ಎಂದು ಪ್ರಶ್ನೆಪತ್ರಿಕೆಯ ದನಿಯಲ್ಲೇ ಕೇಳಿದೆ. ಅವಳು ಅಡುಗೆಮನೆಯಿಂದ ಶುರು ಮಾಡಿದಳು. ನನಗೆ ದಿಗಿಲಾಯಿತು.

"ಪೇಪರ್ ತಿದ್ದೋರಿಗೆ ನಿನ್ನ ಅಡ್ಗೆ ಕತೆ ಬೇಕಾಗಿಲ್ಲ ಕಣಮ್ಮ" ಅಂದೆ.

"ಅದ್ರ ಎಸ್ರೂ ಗೊತ್ತು ಸಾ. ಮೊದ್ಲು ಕತೆ ನೆಪ್ಪು ಮಾಡ್ಕಂಡು ಆಮ್ಯಾಕೆ ಎಸ್ರು ಅಚ್ತೀನಿ. ಮೇಷ್ಟ್ರು ಅಂಗೇ ಮಾಡು ಅಂದವ್ರೆ."

"ಮೇಷ್ಟ್ರು ಎಷ್ಟು ಜನರನ್ನ ಪಾಸ್ ಮಾಡ್ಸಿದಾರೋ ನಂಗೆ ಗೊತ್ತಿಲ್ಲ. ನಾನು ಎಷ್ಟು ಮಾಡ್ಸಿದೀನಿ ಅಂತ ಬ್ಯಾನರ್ ನೋಡ್ಕೊಂಡು ಬಾ." ಹತ್ತು ಹಾಳೆಯನ್ನು ಅವಳ ಕೈಗಿಟ್ಟೆ. "ಮಕ್ಕಳಿಗೆ ಹೇಳೋದೆಲ್ಲ ಬಿಡು. ಒಂದು ತಿಂಗಳು ಇದೇ. ನಿದ್ದೇಲಿ ಎಬ್ಬಿಸಿದ್ರೂ ಬಾಯಿಗೆ ಬರ್ಬೇಕು."

ಅವಳು ಹಾಳೆಗಳನ್ನು ತಿರುವಿ ಹಾಕಿದಳು. "ಎಲೇದು ಇಲ್ವಲ್ಲ ಸಾ?"

"ಹೋದ ಸಲ ಬಂದಿತ್ತು, ಈ ಸಲ ಬರಲ್ಲ. ಅದನ್ನ ತಲೆಯಿಂದ ತೆಗೆದಾಕು, ಇದಕ್ಕೆ ಜಾಗ ಆಗ್ತದೆ."

ತಲೆ ಅನ್ನುವುದು ಗೋಡೌನು, ಒಂದು ಮೂಟೆ ಇಳಿಸಿದರೆ ಇನ್ನೊಂದಕ್ಕೆ ಜಾಗ ಎಂದು ನಾನು ನಂಬಿದ್ದೆ. ಅದು ಗೋಡೌನಲ್ಲ. ಒಂದು ವಿಷಯ ಇನ್ನೊಂದನ್ನು ಹಿಡಿದುಕೊಂಡೇ ಅಲ್ಲಿ ನಿಲ್ಲುವುದು. ಉಪ್ಪು ಕೇಳಿದ ಮಗುವನ್ನು ತೆಗೆದುಹಾಕಿದರೆ ಲವಣವೂ ಹೋಗುತ್ತದೆ.

"ಸಾ, ನಂಗೆ ಏಳುದ್ರೆ ನೆಪ್ಪಿರ್ತದೆ. ಬರೀ ಓದುದ್ರೆ ಇರಲ್ಲ" ಅಂದಳು ಇನ್ನೊಂದು ಸಲ. ಆ ಮಾತನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕಿತ್ತು. ನಾನು ಗಡಿಯಾರ ನೋಡಿದೆ.

ಹೇಳಿದಂತೆ ಮಾಡುವ ಹೆಂಗಸು. ಅಕ್ಕಿ ತೊಳೆಯುವಾಗ, ಪಾತ್ರೆ ಬೆಳಗುವಾಗ, ಮೂಗೂರಿನಿಂದ ಬರುವ ಬಸ್ಸಿನಲ್ಲಿ, ಎಲ್ಲ ಕಡೆಯೂ ಹತ್ತು ಹಾಳೆ. ಪರೀಕ್ಷೆಯ ಹಿಂದಿನ ಭಾನುವಾರ ನನ್ನ ಮುಂದೆ ನಿಂತು ಒಂದರಿಂದ ಹತ್ತರವರೆಗೆ ಒಪ್ಪಿಸಿದಳು. ಎಲ್ಲೂ ತಡವರಿಸಲಿಲ್ಲ. ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರು. ಕೆಳಗಿನ ಗೊಬ್ಬರದಂಗಡಿಯವರು ಕೂಡ ಮೆಟ್ಟಿಲಲ್ಲಿ ನಿಂತು ಕೇಳಿದರು. ನಾನು ಬ್ಯಾನರಿನವನಿಗೆ ಫೋನು ಮಾಡಿದೆ.

ರಿಸಲ್ಟು ಬಂದ ದಿನ ಅವಳು ಮಹಡಿ ಹತ್ತಿ ಬಂದು ಬೆಂಚಿನ ಮೇಲೆ ಕೂತಳು. ಅಳುತ್ತಿರಲಿಲ್ಲ.

"ಮೂರು ಮಾರ್ಕು ಕಮ್ಮಿ ಸಾ."

"ಏನ್ ಬಂದಿತ್ತು?"

"ಎಲೇದು ಬಂದಿತ್ತು. ಚಿತ್ರ ಬರ್ದು ವಿವರ್ಸಿ ಅಂತ. ನಾಕು ಮಾರ್ಕು."

"ಅದು ನಿಂಗೆ ಬರ್ತಿತ್ತಲ್ಲ."

"ಬತ್ತಿತ್ತು. ಪ್ರಶ್ನೆ ನೋಡ್ದೇಟ್ಗೆ ನಿಮ್ಮ ಆಳೇಲಿ ಇದು ಎಷ್ಟ್ನೇದು ಅಂತ ಉಡುಕ್ತಾ ಕೂತೆ ಸಾ. ಒಂದ್ರಿಂದ ಅತ್ತರ ಗಂಟ ಎಲ್ಡು ಸಲ ಒಪ್ಪುಸ್ಕಂಡೆ ಮನ್ಸಲ್ಲೇ. ಎಲ್ಲೂ ಇರ್ನಿಲ್ಲ. ನಂಗೆ ಬರಲ್ಲ ಅನ್ಕಂಡು ಬುಟ್ಬುಟ್ಟೆ. ಆಚೆ ಬಂದ ಮ್ಯಾಕೆ ಬಸ್ಸಲ್ಲಿ ನೆಪ್ಪಾಯ್ತು, ಅಯ್ಯೋ ಎಲೆ ಅಂದ್ರೆ ಅಡ್ಗೆಮನೆ ಅಲ್ವಾ ಅಂತ."

ಮರುಪರೀಕ್ಷೆ ಕಟ್ಟು ಅಂದೆ. ಅದರ ಫಲಿತಾಂಶ ಬರುವ ಹೊತ್ತಿಗೆ ಅರ್ಜಿಯ ಗಡುವು ಮುಗಿಯುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಎದ್ದು, ಚಪ್ಪಲಿ ಮೆಟ್ಟಿಕೊಂಡು, "ಬತ್ತೀನಿ ಸಾ" ಅಂದಳು. ಆ ಜಾಗಕ್ಕೆ ಪಕ್ಕದೂರಿನ ಒಬ್ಬ ಹುಡುಗಿ ಬಂದಳು. ಈಗ ಆ ಹುದ್ದೆಗೆ ಪಿಯುಸಿ ಕೇಳುತ್ತಾರಂತೆ.

ಮೇಷ್ಟ್ರಿಗೆ ನಾನೇ ಹೋಗಿ ಹೇಳಿದೆ. ಬೈಯುತ್ತಾರೆ ಎಂದು ಸಿದ್ಧವಾಗಿ ಹೋಗಿದ್ದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದರು. "ಆಕೆ ಪಾಠ ಹೇಳಿದ ಆ ಮಕ್ಕಳನ್ನ ಕೂರಿಸಿದ್ದರೆ ನಾಲ್ಕರಲ್ಲಿ ಮೂರು ಮಾರ್ಕು ತೆಗೀತಿದ್ದರು ಪುಟ್ಟಸ್ವಾಮಿ" ಅಂದರು. ಅಲ್ಲಿಂದ ಮುಂದೆ ಅವರು ಕ್ಲಾಸಿಗೆ ಬರಲಿಲ್ಲ. ಕರೆಯಲು ನನಗೂ ಮುಖವಿರಲಿಲ್ಲ.

ಇಷ್ಟಾದ ಮೇಲೆ ನಾನು ಬದಲಾದೆ ಎಂದುಕೊಳ್ಳಬೇಡಿ. ಎರಡು ವರ್ಷ ಹತ್ತು ಹಾಳೆಯನ್ನೇ ನಡೆಸಿದೆ. ಆಮೇಲೆ ಮನಸ್ಸು ತಡೆಯದೆ, ಮೇಷ್ಟ್ರ ಪದ್ಧತಿಯನ್ನು ತಂದೆ. ಅದಕ್ಕೂ ಅವರ ಹೆಸರು ಹಾಕಲಿಲ್ಲ, ನನ್ನ ಹೆಸರನ್ನೇ ಹಾಕಿ ಬೋರ್ಡು ಬರೆಸಿದೆ. ಕೂಗು ನಿಲ್ಲಿಸಿದೆ. ಪಾಸಾಗುವವರು ಹೆಚ್ಚಾದರು, ಸೇರುವವರು ಕಮ್ಮಿಯಾದರು. ಪುಸ್ತಕ ಮುಚ್ಚಿ ಹೇಳು ಅಂದರೆ ತನಗೆ ಏನೂ ಬರುವುದಿಲ್ಲ ಎಂದು ಮೊದಲ ದಿನವೇ ಗೊತ್ತಾಗುತ್ತದೆ. ಅದನ್ನು ತಿಳಿಯಲು ಯಾರೂ ದುಡ್ಡು ಕೊಟ್ಟು ಬರುವುದಿಲ್ಲ. ಕೊನೆಗೆ ಎರಡೂ ಕಡೆ ಬಾಗಿಲು ಹಾಕಿದೆ.

ರಮ್ಯ, ನಿನಗೆ ಬೇಕಾದ್ದು ಇಷ್ಟು. ಒಂದು ಪುಟ ಓದಿಸು, ಮುಚ್ಚಿಸು, ಹೇಳಿಸು. ತಡವರಿಸಿದರೆ ಬಾಯಿಗೆ ತುರುಕಬೇಡ. ಆ ತಡವರಿಸುವ ಹೊತ್ತಿನಲ್ಲೇ ಅದು ಒಳಗೆ ಇಳಿಯುತ್ತಿರುತ್ತದೆ. ತಪ್ಪಿದ್ದನ್ನು ಆಗಲೇ ಪುಸ್ತಕದಲ್ಲಿ ನೋಡಿಸು. ನಾಳೆ ಅದನ್ನೇ ಕೇಳು, ಮೂರು ದಿನ ಬಿಟ್ಟು ಕೇಳು, ಮರೆತೇಹೋಯಿತು ಅನ್ನುವ ಹೊತ್ತಿಗೆ ಮತ್ತೊಂದು ಸಲ ಕೇಳು. ಒಂದೇ ಸಾಲಿನಲ್ಲಿ ಕೇಳಬೇಡ, ಕಲಸಿ ಕೇಳು. ಏನೂ ತಿಳಿಯದವರಿಗೆ ಹೇಳಲು ಕಳಿಸು, ಅವರು ಕೇಳುವ ದಡ್ಡ ಪ್ರಶ್ನೆಗೆ ಉತ್ತರ ಹುಡುಕಿಸು. ತಪ್ಪು ಅಚ್ಚಾದರೆ ಅವತ್ತೇ ವಾಪಸು ತೆಗೆದುಕೋ. ಬಾಡಿಗೆಯ ವಿಷಯದಲ್ಲಿ ಗೊಬ್ಬರದಂಗಡಿಯವರ ಹತ್ತಿರ ಎಷ್ಟು ಬೇಕಾದರೂ ಚೌಕಾಸಿ ಮಾಡು. ಕಲಿಯುವವರು, ನನಗೆ ಹೀಗೆ ನೆನಪಿರುತ್ತದೆ ಅಂದರೆ ಅಲ್ಲಿ ಚೌಕಾಸಿ ಬೇಡ. ಇದಿಷ್ಟಕ್ಕೆ ಗಿರಾಕಿ ಬರುತ್ತಾರೆ ಎಂದು ನಾನು ಭರವಸೆ ಕೊಡಲಾರೆ.

ಇದನ್ನು ಬರೆಯುವ ಮೊದಲು ಒಂದು ದಿನ ಮೂಗೂರಿಗೆ ಹೋಗಿ ಬಂದೆ. ಸುಂದ್ರಮ್ಮನಿಗೆ ರಮ್ಯಳ ಹತ್ತಿರ ಫೀಸಿಲ್ಲದೆ ಓದಿಸುತ್ತೇನೆ ಎಂದು ಹೇಳುವ ಯೋಚನೆ. ಏನಾದರೂ ಒಂದು ಕೊಟ್ಟು ಕೈತೊಳೆದುಕೊಳ್ಳುವುದು ನನ್ನ ಹಳೆಯ ಅಭ್ಯಾಸ.

ಅಂಗನವಾಡಿಯಲ್ಲಿ ಕಾರ್ಯಕರ್ತೆಯಾದ ಆ ಹುಡುಗಿ ಫೋನಿನಲ್ಲಿ ಹಾಜರಿ ತುಂಬುತ್ತಿದ್ದಳು. ಸುಂದ್ರಮ್ಮ ಬಾಗಿಲ ಹತ್ತಿರ ಅಕ್ಕಿಯ ಪಾತ್ರೆ ಇಟ್ಟುಕೊಂಡು ಕೂತಿದ್ದಳು. ಕೂದಲು ನೆರೆತಿತ್ತು. ನನ್ನನ್ನು ನೋಡಿ ನಕ್ಕಳು.

"ಬನ್ನಿ ಸಾ. ಕೂತ್ಕಳಿ. ಚಿಕ್ಕ ಕುರ್ಚಿನೇ ಇರದು, ಏನೂ ಅನ್ಕಬ್ಯಾಡಿ."

ಕೂತೆ. ಫೀಸಿಲ್ಲದ ಮಾತು ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, "ಈಗ್ಯಾಕ್ ಸಾ? ವಯಸ್ಸು ಮುಗ್ದು ಎಷ್ಟ್ ದಿನ ಆಯ್ತು" ಅಂದಳು.

"ಮಕ್ಕಳಿಗೆ ಎಲೆ ಕತೆ ಹೇಳ್ತೀಯಾ?"

"ಇಲ್ಲ ಸಾ. ಅವತ್ತು ನೀವು ಬುಡು ಅಂದ್ರಲ್ಲ, ಆಮ್ಯಾಕೆ ಏಳ್ನಿಲ್ಲ. ಈಗ ಏಳಕ್ಕೆ ಟೀಚರಮ್ಮ ಅವ್ರೆ." ದೂರಿನ ದನಿಯಲ್ಲಲ್ಲ, ಕಾಲುನೋವಿನ ವಿಷಯ ಹೇಳುವ ಹಾಗೆ ಹೇಳಿದಳು, "ನಿಮ್ಮ ಆಳೆ ಮಾತ್ರ ಬುಡ್ತಿಲ್ಲ ಸಾ. ಆ ತಿಂಗ್ಳೆಲ್ಲ ಅಕ್ಕಿ ತೊಳೀತಾ ತೊಳೀತಾ ಕಲ್ತದ್ದಲ್ವಾ. ಕೈ ನೀರಿಗೆ ಬಿದ್ರೆ ಸಾಕು, ಬಾಯಿ ಸುರು ಮಾಡ್ಕತದೆ. ಬ್ಯಾಡ ಅಂದ್ರೂ ಕೇಳಲ್ಲ."

ಪಾತ್ರೆಗೆ ನೀರು ಸುರಿದು ಕೈ ಅದ್ದಿದಳು. "ಒಂದು" ಅಂದಳು. ನಾನು ಬರೆದ ವಾಕ್ಯಗಳು, ನಾನು ಹಾಕಿದ ಅಲ್ಪವಿರಾಮದಲ್ಲಿ ನಿಂತು, ನಾನು ಕಲಿಸಿದ ರಾಗದಲ್ಲಿ ಬಂದವು. ಎರಡಾಯಿತು, ಮೂರಾಯಿತು. ನಾಲ್ಕು ಎನ್ನುವಾಗ ಆಟವಾಡುತ್ತಿದ್ದ ಮಕ್ಕಳು ತಲೆಯೆತ್ತಿ, ದಿನಾ ಕೇಳಿದ್ದರಿಂದಲೋ ಏನೋ, ಅವಳ ಜೊತೆಗೆ ದನಿಗೂಡಿಸಿದರು.

"ಹೃದಯದ ಬಲಭಾಗದಲ್ಲಿ ಶುದ್ಧ ರಕ್ತ, ಎಡಭಾಗದಲ್ಲಿ ಅಶುದ್ಧ ರಕ್ತ."

ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಸುಂದ್ರಮ್ಮ ಅಕ್ಕಿಯ ಮೇಲಿಂದ ಕಣ್ಣೆತ್ತದೆ ಹೇಳಿದಳು. "ಅದು ತಪ್ಪು ಅಂತ ಗೊತ್ತು ಸಾ. ಮೇಷ್ಟ್ರು ಆಗ್ಲೇ ಏಳಿದ್ರು. ಬಾಯಿ ಇಂಗೇ ಓಯ್ತದೆ, ಏನ್ ಮಾಡಾನ."

ಆಮೇಲೆ ಐದು ಅಂದಳು. ಮಕ್ಕಳ ಕುರ್ಚಿಯಲ್ಲಿ ಮಂಡಿ ಮಡಚಿಕೊಂಡು ಹತ್ತರವರೆಗೂ ಕೇಳಿದೆ. ಒಂದಕ್ಷರ ತಪ್ಪಲಿಲ್ಲ.